ಪಿರಮಿಡ್ಡಿನ ಕೆಳಗೆ ಸಿಕ್ಕಿಹಾಕಿಕೊಂಡ ಮೇಷ್ಟ್ರು

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. "ಏನ್ರೀ, ಬರೆಯೋದು ಬಿಟ್ಟೇ ಬಿಟ್ರಾ?" ಅಂತ ಇಬ್ಬರು ಮೇಲ್ ಹಾಕಿದ್ರು. ಬಿಟ್ಟಿಲ್ಲ. ರಿಲೀಸು, ಪ್ಯಾಚು, ಮತ್ತೆ ರಿಲೀಸು... ಸಾಫ್ಟ್‌ವೇರಿನವರ ಅದೇ ಹಳೇ ರಾಗ, ಹೇಳಿದ್ರೆ ನಿಮಗೂ ಬೇಜಾರು. ಇವತ್ತೂ ಬರೆಯೋ ಮೂಡ್ ಏನಿರಲಿಲ್ಲ. ಆದ್ರೆ ಒಂದು ಸಿಟ್ಟು ಮೂರು ವಾರದಿಂದ ಹೊಟ್ಟೆಯೊಳಗೆ ಕೂತಿದೆ, ಕಕ್ಕದೆ ವಿಧಿಯಿಲ್ಲ. ಸ್ವಲ್ಪ ಉದ್ದ ಆಗತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ.

ಕಳೆದ ತಿಂಗಳು ನಮ್ಮ ಕಂಪನಿಯಲ್ಲಿ (ಹೆಸರು ಬೇಡ, ಇನ್ನೂ ಇ.ಎಂ.ಐ. ಕಟ್ಟೋದಿದೆ :-) ) ಎರಡು ದಿನದ ಲೀಡರ್‌ಶಿಪ್ ಟ್ರೈನಿಂಗ್ ಇತ್ತು. ಊರಾಚೆ ರೆಸಾರ್ಟು, ಬಫೆ ಊಟ, ಜಾಮೂನು ನಿಜಕ್ಕೂ ಚೆನ್ನಾಗಿತ್ತು. ಎರಡನೇ ದಿನ ಟ್ರೈನರ್ ಮಹಾಶಯರು ಪರದೆ ಮೇಲೆ ಒಂದು ಪಿರಮಿಡ್ ಹಾಕಿದ್ರು. ಹದಿನೈದು ಇಟ್ಟಿಗೆ. ಕೆಳಗೆ ಶ್ರಮ, ಸ್ನೇಹ, ನಿಷ್ಠೆ, ಸಹಕಾರ, ಉತ್ಸಾಹ. ಮೇಲೆ ಹೋಗ್ತಾ ಹೋಗ್ತಾ ಇನ್ನೂ ಏನೇನೋ. ಅದನ್ನು ಮಾಡಿದವರು ಜಾನ್ ವುಡನ್, ಅಮೆರಿಕದ ಯುಸಿಎಲ್‌ಎ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋಚ್, ಹನ್ನೆರಡು ವರ್ಷದಲ್ಲಿ ಹತ್ತು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರು, ಸತತ 88 ಪಂದ್ಯ ಗೆದ್ದವರು. "ನೀವೂ ನಿಮ್ಮ ಟೀಮಿಗೆ ವುಡನ್ ಆಗಬೇಕು" ಅಂದ್ರು. ಎಲ್ಲರೂ ಚಪ್ಪಾಳೆ. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಅದಾಗಿ ಸರಿಯಾಗಿ ಹತ್ತು ದಿನಕ್ಕೆ ನನ್ನ ಟೀಮಿನ ಒಬ್ಬ ಹುಡುಗನನ್ನು ಮನೆಗೆ ಕಳಿಸಿದ್ರು. ಕಳಿಸಿದ್ರು ಅಂತ ಬರೆಯೋದು ಸುಲಭ. ಕಳಿಸಿದ ಕಾಗದದಲ್ಲಿ ಅಭಿಪ್ರಾಯ ಬರೆದವನು ನಾನೇ. ಅದಕ್ಕೆ ಆಮೇಲೆ ಬರ್ತೀನಿ.

ಆ ವಾರ ರಾತ್ರಿ ನಿದ್ದೆ ಬರಲಿಲ್ಲ. ಸುಮ್ಮನೆ ಈ ವುಡನ್ ಯಾರು ಅಂತ ಹುಡುಕುತ್ತಾ ಕೂತೆ. ಅವರ ಬಗ್ಗೆ ಬರೆದದ್ದು, ಅವರ ಶಿಷ್ಯರು ಬರೆದದ್ದು, ಸಿಕ್ಕಿದ್ದನ್ನೆಲ್ಲ ಓದಿದೆ. ಓದ್ತಾ ಓದ್ತಾ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮಗೆ ತೋರಿಸಿದ ಮನುಷ್ಯನೇ ಬೇರೆ, ಬದುಕಿದ್ದ ಮನುಷ್ಯನೇ ಬೇರೆ.

ಮೊದಲು ಆ ಪಿರಮಿಡ್ಡಿನ ಕತೆಯನ್ನೇ ತಗೊಳ್ಳಿ. ಅದು ಚಾಂಪಿಯನ್‌ಶಿಪ್ ಗೆದ್ದ ಕೋಚ್ ಒಬ್ಬರು ಗೆಲುವಿನ ಗುಟ್ಟು ಅಂತ ಬರೆದದ್ದು ಅನ್ನೋ ಹಾಗೆ ತೋರಿಸ್ತಾರೆ. ಅಸಲಿಗೆ ಅದು ಶುರುವಾಗಿದ್ದು 1934ರಲ್ಲಿ. ಆಗ ವುಡನ್ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಮಕ್ಕಳಿಗೆ 'ಎ' ಅಥವಾ 'ಬಿ' ಗ್ರೇಡ್ ಬಾರದಿದ್ರೆ ಅಪ್ಪ ಅಮ್ಮಂದಿರು ಮಗುವೇ ಸೋತುಹೋಯ್ತು, ಇಲ್ಲಾ ಮೇಷ್ಟ್ರೇ ಸರಿಯಿಲ್ಲ ಅಂತ ಗಲಾಟೆ ಮಾಡ್ತಿದ್ರಂತೆ. ದೇವರು ಎಲ್ಲರಿಗೂ ಒಂದೇ ತಲೆ ಕೊಟ್ಟಿಲ್ಲವಲ್ಲ, ಕೈಲಾದಷ್ಟು ಮಾಡಿದ ಹುಡುಗ ಹೇಗೆ ಸೋತ ಹಾಗಾಯ್ತು ಅನ್ನೋ ಪ್ರಶ್ನೆ ಮೇಷ್ಟ್ರನ್ನು ಕಾಡಿತು. ತನ್ನಿಂದ ಸಾಧ್ಯವಿದ್ದಷ್ಟನ್ನೂ ಮಾಡಿದ್ದೇನೆ ಅನ್ನೋ ತೃಪ್ತಿಯಿಂದ ಬರೋ ನೆಮ್ಮದಿಯೇ ಯಶಸ್ಸು ಅಂತ ಅವರು ಒಂದು ವ್ಯಾಖ್ಯೆ ಬರೆದುಕೊಂಡರು. ಅದನ್ನು ಮಕ್ಕಳಿಗೆ ಕಣ್ಣಿಗೆ ಕಾಣೋ ಹಾಗೆ ಹೇಳೋಕೆ ಇಟ್ಟಿಗೆ ಇಟ್ಟಿಗೆ ಜೋಡಿಸ್ತಾ, ಅಳಿಸ್ತಾ, ತಿದ್ದುತ್ತಾ 1948ರ ಹೊತ್ತಿಗೆ ಪಿರಮಿಡ್ ಮುಗಿಸಿದರು. ಯುಸಿಎಲ್‌ಎಗೆ ಹೋಗಿ ಒಂದು ಪಂದ್ಯ ಆಡಿಸುವ ಮೊದಲೇ!

ಅಂದ್ರೆ ಅರ್ಥ ಆಯ್ತಾ? ಮಾರ್ಕ್ಸಿನ ಕಾಟದಿಂದ ಮಕ್ಕಳನ್ನು ಬಿಡಿಸೋಕೆ ಮಾಡಿದ್ದು ಅದು. ಅದನ್ನು ನಮ್ಮವರು ಇಂಗ್ಲಿಷ್ ಟೈ ಕಟ್ಟಿ, ಲ್ಯಾಮಿನೇಟ್ ಮಾಡಿಸಿ, ವರ್ಷಕ್ಕೊಮ್ಮೆ ಜನರನ್ನು ಒಂದರಿಂದ ಐದರವರೆಗೆ ಸಾಲಾಗಿ ನಿಲ್ಲಿಸಿ ಕೊನೆಯವನನ್ನು ಬಾಗಿಲಾಚೆ ತಳ್ಳೋ ರೂಮಿನ ಗೋಡೆಗೆ ನೇತು ಹಾಕಿದ್ದಾರೆ. ಇದಕ್ಕಿಂತ ದೊಡ್ಡ ತಮಾಷೆ ಬೇಕಾ? ಅಂದ ಹಾಗೆ ಪಿರಮಿಡ್ಡಿನ ತುತ್ತತುದಿಯ ಎರಡು ಬದಿಗೆ ವುಡನ್ ಎರಡು ಪದ ಬರೆದಿದ್ದಾರೆ, ಒಂದು ನಂಬಿಕೆ, ಇನ್ನೊಂದು ತಾಳ್ಮೆ. ನಮ್ಮ ಟ್ರೈನರ್ ಸ್ಲೈಡಿನಲ್ಲಿ ಆ ತುದಿ ಕಟ್ ಆಗಿತ್ತು. ಬೇಕಂತಲೇ ಮಾಡಿದ್ದಲ್ಲ ಬಿಡಿ, ಕಂಪನಿ ಲೋಗೋಗೆ ಜಾಗ ಬೇಕಿತ್ತು.

ಈ ಮನುಷ್ಯನ ಬದುಕನ್ನು ಸ್ವಲ್ಪ ನೋಡೋಣ. ಹುಟ್ಟಿದ್ದು 1910ರಲ್ಲಿ, ಇಂಡಿಯಾನಾ ರಾಜ್ಯದ ಹಳ್ಳಿಯಲ್ಲಿ. ಅಪ್ಪನಿಗೆ ಜಮೀನಿತ್ತು. ಹಂದಿಗಳಿಗೆ ಹಾಕಿಸಿದ ಲಸಿಕೆ ಕೆಟ್ಟದ್ದಾಗಿ ಹಂದಿಗಳು ಸತ್ತವು, ಬೆಳೆಯೂ ಕೈಕೊಟ್ಟಿತು, ಸಾಲ ತೀರಿಸಲಾಗದೆ ಜಮೀನು ಹೋಯ್ತು. ನಮ್ಮ ಕಡೆ ಎಷ್ಟು ಮನೆಯ ಕತೆ ಹೀಗೇ ಇಲ್ಲ ಹೇಳಿ. ಸಂಸಾರ ಮಾರ್ಟಿನ್ಸ್‌ವಿಲ್ ಅನ್ನೋ ಊರಿಗೆ ಬಂತು. ಹುಡುಗ ಅಲ್ಲಿಯ ಹೈಸ್ಕೂಲ್ ಟೀಮಿನಲ್ಲಿ ಆಡಿ 1927ರಲ್ಲಿ ರಾಜ್ಯ ಚಾಂಪಿಯನ್ ಆದ.

ಆಮೇಲೆ ಪರ್ಡ್ಯೂ ವಿಶ್ವವಿದ್ಯಾಲಯ. ಇಲ್ಲೊಂದು ಸ್ವಾರಸ್ಯ ಇದೆ, ನಮ್ಮಂಥ ಇಂಜಿನಿಯರುಗಳಿಗೆ ವಿಶೇಷವಾಗಿ. ವುಡನ್ ಹೋಗಿದ್ದು ಸಿವಿಲ್ ಇಂಜಿನಿಯರಿಂಗ್ ಓದೋಕೆ! ಆದ್ರೆ ಸಿವಿಲ್‌ನವರು ಬೇಸಿಗೆ ರಜೆಯಲ್ಲಿ ಕ್ಯಾಂಪಿಗೆ ಹೋಗಬೇಕಿತ್ತು. ಈತನಿಗೆ ರಜೆಯಲ್ಲಿ ದುಡಿಯದಿದ್ರೆ ಮುಂದಿನ ವರ್ಷದ ಖರ್ಚಿಗೆ ದುಡ್ಡಿಲ್ಲ. ಹಾಗಾಗಿ ಇಂಜಿನಿಯರಿಂಗ್ ಬಿಟ್ಟು ಇಂಗ್ಲಿಷ್ ತಗೊಂಡ. 1932ರಲ್ಲಿ ಡಿಗ್ರಿ, ಅದೇ ವರ್ಷ ಹೈಸ್ಕೂಲಿನಿಂದ ಪ್ರೀತಿಸಿದ್ದ ನೆಲ್ಲಿ ಜೊತೆ ಮದುವೆ. ಮದುವೆಗೆ ಅಂತ ಕೂಡಿಟ್ಟಿದ್ದ ಒಂಬೈನೂರು ಚಿಲ್ಲರೆ ಡಾಲರ್ ಇದ್ದ ಬ್ಯಾಂಕ್ ಮದುವೆ ಹೊತ್ತಿಗೇ ಮುಳುಗಿತು. ಸಾಲ ಮಾಡಿ ಮದುವೆ ಆದ್ರು.

ಮೊದಲ ಕೆಲಸ ಕೆಂಟಕಿ ರಾಜ್ಯದ ಡೇಟನ್ ಹೈಸ್ಕೂಲಿನಲ್ಲಿ. ಮೊದಲ ವರ್ಷ ಅವರ ಟೀಮು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ನಮ್ಮ ಪದ್ಧತಿಯಲ್ಲಾಗಿದ್ರೆ ಅಲ್ಲಿಗೇ ಮುಗೀತು. ಆರು ವಾರದ 'ಇಂಪ್ರೂವ್‌ಮೆಂಟ್ ಪ್ಲಾನ್', ಆಮೇಲೆ ಐಡಿ ಕಾರ್ಡ್ ವಾಪಸ್ ಕೊಡಿ. ಆ ಶಾಲೆ ಇಟ್ಟುಕೊಂಡಿತು. ಅಲ್ಲಿಂದ ಸೌತ್ ಬೆಂಡ್‌ನ ಹೈಸ್ಕೂಲಿಗೆ, ಆಮೇಲೆ ಯುದ್ಧದ ಕಾಲಕ್ಕೆ ನೌಕಾಪಡೆಗೆ, 1946ರಲ್ಲಿ ಇಂಡಿಯಾನಾ ಸ್ಟೇಟ್ ಟೀಚರ್ಸ್ ಕಾಲೇಜಿಗೆ.

ಈ ಕಾಲೇಜಿನ ಒಂದು ಪ್ರಸಂಗ ನನಗೆ ಹತ್ತು ಚಾಂಪಿಯನ್‌ಶಿಪ್‌ಗಿಂತ ದೊಡ್ಡದಾಗಿ ಕಂಡಿದೆ. 1947ರಲ್ಲಿ ಅವರ ಟೀಮಿಗೆ ಎನ್‌ಎಐಬಿ ಎಂಬ ರಾಷ್ಟ್ರೀಯ ಟೂರ್ನಿಗೆ ಆಹ್ವಾನ ಬಂತು. ಟೂರ್ನಿಯಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವಿಲ್ಲ. ವುಡನ್ ಟೀಮಿನಲ್ಲಿ ಕ್ಲಾರೆನ್ಸ್ ವಾಕರ್ ಅನ್ನೋ ಕಪ್ಪು ಹುಡುಗ ಇದ್ದ. ಅವನೇನು ಸ್ಟಾರ್ ಆಟಗಾರನಲ್ಲ. ಮೊದಲ ಐವರಲ್ಲೂ ಇರಲಿಲ್ಲ. ಅವನೊಬ್ಬನನ್ನು ಬಿಟ್ಟು ಹೋಗಿದ್ರೆ ಕೇಳೋರಿರಲಿಲ್ಲ. ವುಡನ್ ಇಡೀ ಟೀಮನ್ನೇ ಕಳಿಸಲಿಲ್ಲ. ಮರುವರ್ಷ 1948ರಲ್ಲಿ ನಿಯಮ ಬದಲಾಯ್ತು, ವಾಕರ್ ಆಡಿದ. ಅಂಥ ಅಂತರಕಾಲೇಜು ಟೂರ್ನಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಆತ. ಫೈನಲ್‌ನಲ್ಲಿ ಟೀಮ್ ಸೋತಿತು. ಬೆಂಚಿನ ಮೇಲೆ ಕೂರೋ ಹುಡುಗನಿಗಾಗಿ ಟೂರ್ನಿ ಬಿಟ್ಟ ಈ ಕತೆ ನಮ್ಮ ಸ್ಲೈಡಿನಲ್ಲಿ ಯಾಕೆ ಇರಲಿಲ್ಲ ಅಂತ ಕೇಳಬೇಡಿ. 88 ಪಂದ್ಯದ ಲೆಕ್ಕ ಮಾತ್ರ ಇತ್ತು.

ಯುಸಿಎಲ್‌ಎಗೆ ಹೋಗಿದ್ದೂ ಇಷ್ಟಪಟ್ಟು ಅಲ್ಲ. ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಹೋಗೋ ಆಸೆ ಇತ್ತು. ಅವರು ಫೋನ್ ಮಾಡಬೇಕಿದ್ದ ಸಂಜೆ ಹಿಮ ಬಿದ್ದು ಫೋನ್ ಲೈನ್ ಕೆಟ್ಟಿತು. ಅಷ್ಟರಲ್ಲಿ ಯುಸಿಎಲ್‌ಎಯವರು ಮಾಡಿದ್ರು, ಇವರು ಒಪ್ಪಿಕೊಂಡ್ರು. ಆಮೇಲೆ ಮಿನೆಸೋಟದ ಕರೆ ಬಂತು. ಮಾತು ಕೊಟ್ಟಾಗಿದೆ, ಆಗಲ್ಲ ಅಂದ್ರು. ಇವತ್ತು ನೋಟಿಸ್ ಪೀರಿಯಡ್‌ನಲ್ಲಿ ಮೂರು ಆಫರ್ ಲೆಟರ್ ಜೇಬಲ್ಲಿ ಇಟ್ಟುಕೊಂಡು ಓಡಾಡೋ ನಮಗೆ (ನಾನೂ ಮಾಡಿದ್ದೀನಿ!) ಇದು ದಡ್ಡತನ ಅನ್ನಿಸಬಹುದು.

ಲಾಸ್ ಏಂಜಲೀಸಿನಲ್ಲಿ ಸಿಕ್ಕಿದ್ದು ಏನು? ಬೆವರು ನಾತದ ಒಂದು ಹಳೇ ಜಿಮ್. ಮೂರನೇ ಮಹಡಿ. ಇವರು ಒಂದು ಕಡೆ ಪ್ರಾಕ್ಟೀಸ್ ಮಾಡಿಸ್ತಿದ್ರೆ ಪಕ್ಕದಲ್ಲಿ ಕುಸ್ತಿಯವರು, ಇನ್ನೊಂದು ಕಡೆ ಜಿಮ್ನಾಸ್ಟಿಕ್ಸ್‌ನವರು. ಚಾಕ್ ಪುಡಿ ನೆಲದ ತುಂಬ. ಪ್ರಾಕ್ಟೀಸಿಗೆ ಮೊದಲು ಕೋಚ್ ಸಾಹೇಬರೇ ಮಾಪ್ ಹಿಡಿದು ನೆಲ ಒರೆಸ್ತಿದ್ರು. 1950ರ ದಶಕದ ಮಧ್ಯದಲ್ಲಿ ಬೆಂಕಿ ಬಿದ್ದರೆ ಅಪಾಯ, ಇಲ್ಲಿ ಜಾಸ್ತಿ ಜನ ಸೇರಿಸಬೇಡಿ ಅಂತ ಆಜ್ಞೆ ಬಂದ ಮೇಲೆ ತವರಿನ ಪಂದ್ಯಗಳನ್ನೂ ಬೇರೆಯವರ ಅಂಗಳದಲ್ಲಿ ಆಡಬೇಕಾಯ್ತು. ಬೇಗ ಹೊಸದು ಕಟ್ಟಿಸಿ ಕೊಡ್ತೀವಿ ಅಂದಿದ್ದ ಕ್ರೀಡಾಂಗಣದ ಬಾಗಿಲು ತೆರೆದದ್ದು 1965ರಲ್ಲಿ. ಸಂಬಳ ಶುರುವಿನಲ್ಲಿ ವರ್ಷಕ್ಕೆ 6,000 ಡಾಲರ್. ಸಾಲದು ಅಂತ ಬೆಳಗ್ಗೆ ಹೊತ್ತು ಒಂದು ಹಾಲಿನ ಡೈರಿಯಲ್ಲಿ ಲಾರಿಗಳನ್ನು ಕಳಿಸೋ ಕೆಲಸ. ಲಾರಿಗಳು ವಾಪಸ್ ಬಂದ ಮೇಲೆ ನಾಳೆಯ ಆರ್ಡರ್ ಹೇಳಿ, ಆಫೀಸ್ ಗುಡಿಸಿ, ಆಮೇಲೆ ಕಾಲೇಜಿಗೆ. ಜಗತ್ತಿನ ಅತಿ ದೊಡ್ಡ ಕಾಲೇಜು ಕೋಚ್ ಅನ್ನಿಸಿಕೊಂಡವರ ಬಯೋಡೇಟಾ ಇದು.

ಈಗ ಮುಖ್ಯ ಲೆಕ್ಕ ಕೇಳಿ. 1948ರಿಂದ 1963ರವರೆಗೆ ಹದಿನೈದು ಸೀಸನ್. ರಾಷ್ಟ್ರೀಯ ಚಾಂಪಿಯನ್‌ಶಿಪ್ ಸೊನ್ನೆ. ಸೋತು ಸುಣ್ಣವಾಗಿದ್ರು ಅಂತಲ್ಲ, ತಮ್ಮ ಪ್ರಾಂತ್ಯದಲ್ಲಿ ಗೆಲ್ಲುತ್ತಿದ್ರು, ಒಂದು ವರ್ಷವೂ ಗೆಲುವಿಗಿಂತ ಸೋಲು ಹೆಚ್ಚಾಗಲಿಲ್ಲ. ಆದ್ರೆ 1960ರಲ್ಲಿ ನೋಡಿದ್ರೆ 14 ಗೆಲುವು, 12 ಸೋಲು. ಹನ್ನೆರಡು ವರ್ಷ ಅನುಭವ ಇರೋ ಮನುಷ್ಯನ ಗ್ರಾಫ್ ಇದು! ಯಾವ ಮ್ಯಾನೇಜರ್ ಸುಮ್ಮನಿರ್ತಾನೆ? ಹದಿನಾರನೇ ಸೀಸನ್, 1964ರಲ್ಲಿ ಮೂವತ್ತಕ್ಕೆ ಮೂವತ್ತೂ ಗೆದ್ದು ಮೊದಲ ಚಾಂಪಿಯನ್‌ಶಿಪ್. ಆ ಟೀಮಿನಲ್ಲಿ ಭಾರೀ ಎತ್ತರದವರು ಯಾರೂ ಇರಲಿಲ್ಲ. ಅಂಗಳದ ಉದ್ದಕ್ಕೂ ಎದುರಾಳಿಗೆ ಉಸಿರಾಡೋಕೆ ಬಿಡದ 'ಝೋನ್ ಪ್ರೆಸ್' ಆಡಿ ಗೆದ್ದರು. ಅದನ್ನು ಹಾಕೋಣ ಅಂತ ಹೇಳಿದ್ದು ಸಹಾಯಕ ಕೋಚ್ ಜೆರ್ರಿ ನಾರ್ಮನ್. ಐವತ್ತು ದಾಟಿದ ಮೇಷ್ಟ್ರು ತನಗಿಂತ ಚಿಕ್ಕವನ ಮಾತು ಕೇಳಿದರು. ಅಲ್ಲಿಂದ 1975ರವರೆಗೆ ಒಟ್ಟು ಹತ್ತು.

ಟ್ರೈನಿಂಗ್‌ನವರು ಈ ಹನ್ನೆರಡು ವರ್ಷವನ್ನು ತೋರಿಸಿ, ಅದರ ಹಿಂದಿನ ಮೂವತ್ತು ವರ್ಷ ಮೇಷ್ಟ್ರಾಗಿ ಸವೆದದ್ದನ್ನು ನುಂಗಿಬಿಡ್ತಾರೆ. ನನ್ನ ತಕರಾರು ಇದೇ.

ಇನ್ನು 'ಮೋಟಿವೇಶನ್' ವಿಚಾರ. ಕೋಚ್ ಅಂದ್ರೆ ನಮ್ಮ ತಲೆಯಲ್ಲಿ ಏನಿದೆ? ಸಿನಿಮಾದಲ್ಲಿ ಬರೋ ಹಾಗೆ ಹಾಫ್‌ಟೈಮಿನಲ್ಲಿ ಗಂಟಲು ಕಿತ್ತುಹೋಗೋ ಹಾಗೆ ಭಾಷಣ, ಹಿನ್ನೆಲೆಯಲ್ಲಿ ಡ್ರಮ್ಮು. ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1974-75ರಲ್ಲಿ, ವುಡನ್ ಅವರ ಕೊನೆಯ ಸೀಸನ್ನಿನಲ್ಲಿ, ಹದಿನೈದು ಪ್ರಾಕ್ಟೀಸ್ ಸೆಷನ್ ಪಕ್ಕದಲ್ಲಿ ಕೂತು ಅವರು ಹುಡುಗರಿಗೆ ಹೇಳಿದ ಒಂದೊಂದು ಮಾತನ್ನೂ ವರ್ಗ ಮಾಡಿ ಬರೆದುಕೊಂಡರು. ಒಟ್ಟು 2,326. ಅದರಲ್ಲಿ ಅರ್ಧದಷ್ಟು ಬರೀ ಸೂಚನೆಗಳು: ಏನು ಮಾಡಬೇಕು, ಹೇಗೆ ಮಾಡಬೇಕು. ಹೊಗಳಿಕೆ ಶೇಕಡ 7ರ ಆಸುಪಾಸು. ಬರೀ ಬೈಗುಳವೂ ಹೆಚ್ಚು ಕಡಿಮೆ ಅಷ್ಟೇ. ಬೈದಾಗಲೂ ಬಹಳ ಸಲ ಅದರ ಬೆನ್ನಿಗೇ, ಹೀಗಲ್ಲ ಹೀಗೆ ಅಂತ ತಿದ್ದಿ ತೋರಿಸ್ತಿದ್ರು. ಮೊದಲು ಸರಿಯಾದ ರೀತಿ, ಆಮೇಲೆ ಹುಡುಗ ಮಾಡಿದ ತಪ್ಪು ರೀತಿ, ಮತ್ತೆ ಸರಿಯಾದ ರೀತಿ. ಕೆಲವೇ ಸೆಕೆಂಡಿನ ಕೆಲಸ. ಭಾಷಣ ಇಲ್ಲವೇ ಇಲ್ಲ.

ಎರಡು ಗಂಟೆ ಪ್ರಾಕ್ಟೀಸಿಗೆ ಬೆಳಗ್ಗೆ ಸಹಾಯಕರ ಜೊತೆ ಕೂತು ಹೆಚ್ಚು ಕಡಿಮೆ ಅಷ್ಟೇ ಹೊತ್ತು ತಯಾರಿ. ಯಾವ ನಿಮಿಷಕ್ಕೆ ಯಾವ ಡ್ರಿಲ್ ಅಂತ ಸಣ್ಣ ಕಾರ್ಡಿನ ಮೇಲೆ ಬರೆದು ಜೇಬಿಗೆ. ಆ ಟಿಪ್ಪಣಿಗಳನ್ನು ವರ್ಷಾನುಗಟ್ಟಲೆ ಕಾಪಿಟ್ಟು, ಹೋದ ವರ್ಷ ಇದೇ ದಿನ ಏನು ಮಾಡಿಸಿದ್ದೆ ಅಂತ ತೆಗೆದು ನೋಡ್ತಿದ್ರು. ವರ್ಷದ ಮೊದಲ ಪಾಠ ಯಾವುದು ಗೊತ್ತಾ? ಕಾಲುಚೀಲ ಹಾಕಿಕೊಳ್ಳೋದು! ದೇಶದ ಅತ್ಯುತ್ತಮ ಆಟಗಾರರು ಅಂತ ಬಂದು ಕೂತ ಹದಿನೆಂಟರ ಹುಡುಗರಿಗೆ ಬೆರಳಿನ ಹತ್ತಿರ, ಹಿಮ್ಮಡಿಯ ಹತ್ತಿರ ಸುಕ್ಕಿಲ್ಲದ ಹಾಗೆ ಚೀಲ ಎಳೆಯೋದು, ಶೂ ಲೇಸನ್ನು ಒಂದೊಂದೇ ತೂತಿನಿಂದ ಬಿಗಿ ಮಾಡೋದು ಹೇಳಿಕೊಡ್ತಿದ್ರು. ಸುಕ್ಕಿದ್ರೆ ಬೊಬ್ಬೆ ಏಳತ್ತೆ, ಬೊಬ್ಬೆ ಎದ್ರೆ ಪ್ರಾಕ್ಟೀಸ್ ತಪ್ಪತ್ತೆ. ಬಿಲ್ ವಾಲ್ಟನ್ ಅಂಥ ಮಹಾನ್ ಆಟಗಾರ ಕೊನೆಯವರೆಗೂ ಈ ಪಾಠ ಹೇಳಿಕೊಂಡು ನಗುತ್ತಿದ್ದ.

ಈಗ ನನ್ನ ಹುಡುಗನ ವಿಷಯ.

ಎಂಟು ತಿಂಗಳ ಹಿಂದೆ ಕ್ಯಾಂಪಸ್‌ನಿಂದ ಬಂದ. ಸಣ್ಣ ಊರಿನವನು, ಕನ್ನಡ ಮೀಡಿಯಂ, ನನ್ನ ಹಾಗೇ. ಕೆಲಸ ನಿಧಾನ. ಮೀಟಿಂಗಿನಲ್ಲಿ ಬಾಯಿ ಬಿಡ್ತಿರಲಿಲ್ಲ. ಆರು ತಿಂಗಳಾಗೋ ಹೊತ್ತಿಗೆ ಮೇಲಿನಿಂದ ಪ್ರಶ್ನೆ ಬಂತು, ನಾನು ಫಾರಂ ತುಂಬಿದೆ: "ಓನರ್‌ಶಿಪ್ ತೆಗೆದುಕೊಳ್ಳುವುದರಲ್ಲಿ ಸುಧಾರಣೆ ಬೇಕು." ಇಂಗ್ಲಿಷಿನಲ್ಲಿ ಬರೆದಾಗ ಇನ್ನೂ ಚೆನ್ನಾಗಿ ಕಾಣತ್ತೆ. ಅವನು ಫಾರಂ ಓದಿ ನನ್ನ ಡೆಸ್ಕ್ ಹತ್ತಿರ ಬಂದು, "ಸಾರ್, ಓನರ್‌ಶಿಪ್ ತಗೋಬೇಕು ಅಂದ್ರೆ ನಾನು ದಿನಾ ಏನ್ ಮಾಡ್ಬೇಕು ಸಾರ್?" ಅಂತ ಕೇಳಿದ.

ಅವನು ವ್ಯಂಗ್ಯ ಮಾಡ್ತಿರಲಿಲ್ಲ. ನಿಜವಾಗಿ ಗೊತ್ತಿರಲಿಲ್ಲ, ಕೇಳಿದ. ನನಗೂ ಗೊತ್ತಿರಲಿಲ್ಲ, ಆದ್ರೆ ನಾನು ಕೇಳಿಸಿಕೊಳ್ಳದವನ ಹಾಗೆ "ಸ್ವಲ್ಪ ಪ್ರೊಆಕ್ಟಿವ್ ಆಗಿರು" ಅಂದೆ. ಒಂದು ಅರ್ಥವಾಗದ ಪದಕ್ಕೆ ಇನ್ನೊಂದು ಅರ್ಥವಾಗದ ಪದ.

ಗ್ಯಾಲಿಮೋರ್-ಥಾರ್ಪ್ ಲೆಕ್ಕ ಓದಿದ ರಾತ್ರಿ ಲ್ಯಾಪ್‌ಟಾಪ್ ತೆಗೆದು ಆ ಆರು ವಾರದಲ್ಲಿ ನಾನು ಅವನಿಗೆ ಕಳಿಸಿದ ಚಾಟ್ ಎಲ್ಲ ಓದಿದೆ. "ಸ್ಟೇಟಸ್?" "ಎನಿ ಅಪ್‌ಡೇಟ್?" "ಇವತ್ತು ಮುಗಿಯತ್ತಾ?" "ಗುಡ್." "ಪ್ಲೀಸ್ ಎಕ್ಸ್‌ಪೆಡೈಟ್." ಇದನ್ನು ಹೀಗೆ ಮಾಡು, ಈ ಫೈಲಿನಲ್ಲಿ ಮೊದಲು ಇದನ್ನು ನೋಡು ಅಂತ ಹೇಳಿದ್ದು ಬೆರಳೆಣಿಕೆ. ಲಾಗ್ ಫೈಲ್ ಹೇಗೆ ಓದಬೇಕು ಅಂತ ಒಂದು ಸಲವೂ ಪಕ್ಕದಲ್ಲಿ ಕೂತು ತೋರಿಸಿರಲಿಲ್ಲ. ಅವನು ಸೋತಿದ್ದು ಅದರಲ್ಲೇ. ನಮ್ಮ ಸಿಸ್ಟಂನ ಲಾಗ್ ಓದೋದು ನನಗೆ ಬರೋದು ಯಾಕೆ ಅಂದ್ರೆ ಆರು ವರ್ಷದ ಹಿಂದೆ ಒಬ್ಬ ಪುಣ್ಯಾತ್ಮರು ರಾತ್ರಿ ಎಂಟರವರೆಗೆ ಕೂತು ಹೇಳಿಕೊಟ್ಟಿದ್ರು. ನಾನು ಅದನ್ನು ಹುಟ್ಟುತ್ತಲೇ ಕಲಿತು ಬಂದವನ ಹಾಗೆ ಆಡಿದೆ.

ಇಂಥ ನಾನು ವುಡನ್ ಆಗಬೇಕಂತೆ. ಕಾಲುಚೀಲ ಹಾಕೋದು ಹೇಳಿಕೊಡದೆ, ಬೊಬ್ಬೆ ಎದ್ದವನ ಅಪ್ರೈಸಲ್ ಫಾರಂ ಮೇಲೆ "ಕಾಲು ಸರಿಯಿಲ್ಲ" ಅಂತ ಬರೆಯೋ ವುಡನ್!

ಈಗ ಕೆಲವರು ಕೇಳ್ತೀರಿ ಗೊತ್ತು: "ಕಂಪನಿ ಧರ್ಮಛತ್ರ ಅಲ್ಲ, ವುಡನ್ ಕೂಡ ಆಡದವನನ್ನು ಬೆಂಚಿನ ಮೇಲೆ ಕೂರಿಸ್ತಿದ್ದರು ತಾನೇ?" ಕೂರಿಸ್ತಿದ್ರು, ಖಂಡಿತ. ಮುಲಾಜಿಲ್ಲದ ಮನುಷ್ಯ. ವಾಲ್ಟನ್ ಉದ್ದ ಕೂದಲು ಬಿಟ್ಟುಕೊಂಡು ಬಂದು ಇದು ನನ್ನ ಹಕ್ಕು ಅಂದಾಗ, ಆ ಹಕ್ಕಿಗೆ ಗೌರವ ಕೊಡ್ತೀನಿ, ನೀನಿಲ್ಲದೆ ನಮಗೆ ಬೇಜಾರಾಗತ್ತೆ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟು ಕ್ಷೌರದಂಗಡಿಗೆ ಓಡಿಸಿದ್ರು. ಅದೇ ವಾಲ್ಟನ್ 1972ರಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಬಂಧನಕ್ಕೂ ಒಳಗಾದ, ಆದ್ರೆ ಟೀಮಿನಲ್ಲಿ ಉಳಿದ. ಬೆಂಚು ಬೇರೆ, ಬೀದಿ ಬೇರೆ. ಬೆಂಚಿನ ಮೇಲೆ ಕೂತವನು ನಾಳೆಯೂ ಪ್ರಾಕ್ಟೀಸಿಗೆ ಬರ್ತಾನೆ, ನಾಳೆಯೂ ಕಲಿತಾನೆ.

ಹಾಗಂತ ನಾನು ವುಡನ್ ಅವರ ಗುಡಿ ಕಟ್ಟೋಕೆ ಹೊರಟಿಲ್ಲ. ಸ್ಯಾಮ್ ಗಿಲ್ಬರ್ಟ್ ಅಂತ ಒಬ್ಬ ಶ್ರೀಮಂತ ಕಂಟ್ರಾಕ್ಟರ್ ಇದ್ದ. ಅವನು ಯುಸಿಎಲ್‌ಎ ಆಟಗಾರರಿಗೆ ನಿಯಮ ಮೀರಿ ಉಡುಗೊರೆ, ಸಹಾಯ ಮಾಡ್ತಿದ್ದ ಅನ್ನೋದು ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ವಿವರವಾಗಿ ಬಂತು. ವುಡನ್ ನಿವೃತ್ತರಾದ ಮೇಲೆ, 1981ರಲ್ಲಿ ಯುಸಿಎಲ್‌ಎಗೆ ದಂಡನೆಯೂ ಆಯ್ತು. ಗಿಲ್ಬರ್ಟ್ ವುಡನ್ ಕಾಲದಿಂದಲೂ ಹುಡುಗರ ಸುತ್ತ ಓಡಾಡಿಕೊಂಡಿದ್ದವನೇ. ಕಾಲುಚೀಲದ ಸುಕ್ಕು ಕಾಣುವ ಕಣ್ಣಿಗೆ ಇದು ಕಾಣಲಿಲ್ಲವೇ? ತನಗೆ ಆಟ ಬಿಟ್ಟು ಅಕ್ಕಪಕ್ಕ ಕಾಣದೇ ಹೋಗಿರಬಹುದು ಎಂಬರ್ಥದಲ್ಲಿ ಮುಂದೆ ಅವರೇ ಒಪ್ಪಿಕೊಂಡರು. ನನಗೇನೋ ಈ ಉತ್ತರ ಸಾಲದು. ಹುಡುಗನ ಜೇಬಿನಲ್ಲಿ ದುಡ್ಡಿಲ್ಲ ಅನ್ನೋದು ಡೈರಿಯಲ್ಲಿ ದುಡಿದ ಮೇಷ್ಟ್ರಿಗೆ ಗೊತ್ತಾಗಲೇಬೇಕಿತ್ತು.

ಯಾಕೆ ದುಡ್ಡಿರಲಿಲ್ಲ ಅಂದ್ರೆ, ಅಮೆರಿಕದ ಕಾಲೇಜು ಆಟದಲ್ಲಿ ಆಟಗಾರನಿಗೆ ಸಂಬಳ ಕೊಡೋ ಹಾಗಿರಲಿಲ್ಲ. 1955ರಲ್ಲಿ ರೇ ಡೆನಿಸನ್ ಅನ್ನೋ ಕಾಲೇಜು ಫುಟ್‌ಬಾಲ್ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಹೆಂಡತಿ ಪರಿಹಾರ ಕೇಳಿದಳು. ಅವನು ನೌಕರನಲ್ಲ ಅಂತ 1957ರಲ್ಲಿ ಕೊಲೊರಾಡೊ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಇಂಥ ಕೇಸುಗಳಿಂದ ತಪ್ಪಿಸಿಕೊಳ್ಳೋಕೇ 'ವಿದ್ಯಾರ್ಥಿ-ಕ್ರೀಡಾಪಟು' ಅನ್ನೋ ಪದವನ್ನು ಎನ್‌ಸಿಎಎ ಚಾಲ್ತಿಗೆ ತಂದಿತು, ಅದರ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ಅವರೇ ಆಮೇಲೆ ಇದನ್ನು ಬರೆದುಕೊಂಡಿದ್ದಾರೆ. ನಮ್ಮ 'ಫ್ರೆಶರ್', 'ಟ್ರೈನಿ', 'ಇಂಟರ್ನ್' ಅನ್ನೋ ಪದಗಳು ನೆನಪಾದ್ರೆ ನನ್ನ ತಪ್ಪಲ್ಲ.

ಕೊನೆಗೆ ಈ ಗೋಡೆಗೆ ದೊಡ್ಡ ಬಿರುಕು ಬಿಟ್ಟಿದ್ದೂ ಯುಸಿಎಲ್‌ಎ ಹುಡುಗನೇ. ವುಡನ್ ಹೋದ ಇಪ್ಪತ್ತು ವರ್ಷಕ್ಕೆ, 1995ರಲ್ಲಿ ಆ ಕಾಲೇಜಿಗೆ ಮತ್ತೆ ಚಾಂಪಿಯನ್‌ಶಿಪ್ ತಂದ ಟೀಮಿನ ಎಡ್ ಒಬ್ಯಾನನ್. ಒಂದು ದಿನ ಪರಿಚಯದವರ ಮನೆಯಲ್ಲಿ ವಿಡಿಯೋ ಗೇಮ್ ನೋಡ್ತಾನೆ, ಅದರೊಳಗೆ ಇವನೇ ಇದ್ದಾನೆ! ಹೆಸರಿಲ್ಲ. ಆದ್ರೆ ಅದೇ ಮೈಕಟ್ಟು, ಅದೇ ಬೋಳು ತಲೆ, ಅದೇ ಎಡಗೈ, ಅದೇ 31ನೇ ನಂಬರು. ಹೆಸರಿನ ಫೀಲ್ಡ್ ಖಾಲಿ ಬಿಟ್ಟು ಮಿಕ್ಕಿದ್ದೆಲ್ಲ ತುಂಬಿದ ಡೇಟಾಬೇಸ್ ಅದು, ನಮ್ಮ ಕುಲಬಾಂಧವರ ಕೈಚಳಕ. 2009ರಲ್ಲಿ ಕೇಸ್ ಹಾಕಿದ. ಅಲ್ಲಿಂದ ಒಂದಾದ ಮೇಲೊಂದು ತೀರ್ಪು ಬಂದು, 2025ರ ಜೂನ್‌ನಲ್ಲಿ ಆದ ಒಪ್ಪಂದದ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು ಅಂತಾಯ್ತು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಅಷ್ಟರಲ್ಲಿ ಕೋಚ್‌ಗಳು ಎಲ್ಲಿಗೆ ಹೋಗಿದ್ರು ಗೊತ್ತಾ? 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಅನ್ನೋ ಸರ್ಕಾರಿ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಕೋಚನ್ನು ಮನೆಗೆ ಕಳಿಸೋಕೇ ಏಳೂವರೆ ಕೋಟಿ ಡಾಲರ್‌ಗಿಂತ ಹೆಚ್ಚು ಕೊಡೋಕೆ ಒಪ್ಪಿತು. ಕೆಲಸ ಮಾಡೋಕಲ್ಲ, ಮಾಡದೇ ಇರೋಕೆ! ನನ್ನ ಹುಡುಗನಿಗೆ ಒಂದು ತಿಂಗಳ ಬೇಸಿಕ್ ಕೊಟ್ಟರು.

ಅಮೆರಿಕದ ಬಗ್ಗೆ ಇಷ್ಟು ಹೇಳಿ ನಮ್ಮೂರಿನದು ಹೇಳದಿದ್ರೆ ಅನ್ಯಾಯ. ಅಲ್ಲಿ ಕೋಚನ್ನು ರಾಜ ಮಾಡಿದ್ರು, ಇಲ್ಲಿ ಕಾವಲುಗಾರ ಮಾಡಿದ್ರು. ಯುಜಿಸಿ ಕಾಗದದಲ್ಲಿ 'ದೈಹಿಕ ಶಿಕ್ಷಣ ನಿರ್ದೇಶಕ' ಅಂತ ಹುದ್ದೆ ಇದೆ, ಉಪನ್ಯಾಸಕರ ಸರಿಸಮ ವೇತನ ಶ್ರೇಣಿ ಇದೆ. ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನ ಪಿ.ಇ. ಸರ್ ಮಾಡ್ತಿದ್ದದ್ದು ಗೇಟಿನಲ್ಲಿ ಐಡಿ ಕಾರ್ಡ್ ಚೆಕ್, ಬಸ್ ಉಸ್ತುವಾರಿ, ಕಾಲೇಜ್ ಡೇಗೆ ಶಾಮಿಯಾನ, ಪರೀಕ್ಷೆಗೆ ಸ್ಕ್ವಾಡ್. ಅವರ ರೂಮು ಜನರೇಟರ್ ಪಕ್ಕ. ಸಂಜೆ ಐದರ ಮೇಲೆ, ಬಸ್ಸು ಹೊರಟ ಮೇಲೆ, ಹಾಸ್ಟೆಲ್‌ನ ನಾವು ಎಂಟು ಹತ್ತು ಜನಕ್ಕೆ ವಾಲಿಬಾಲ್. ನನ್ನ ಸರ್ವ್ ನೆಟ್ ದಾಟ್ತಿರಲಿಲ್ಲ. "ಜೋರಾಗಿ ಹೊಡಿ" ಅಂತ ಎಲ್ಲರೂ ಕಿರುಚೋರು. ಸರ್ ಒಂದು ದಿನ ಬಂದು ನನ್ನ ಎಡಗೈ ಹಿಡಿದು, "ಹೊಡೆಯೋ ಕೈ ಸರಿ ಇದೆ ಕಣೋ, ಚೆಂಡು ಎಸೆಯೋ ಕೈ ತಪ್ಪು. ಒಂದೇ ಎತ್ತರಕ್ಕೆ ಎಸಿ" ಅಂದ್ರು. ಹೊಡೆಯೋದು ಬಿಡಿಸಿ ಒಂದು ವಾರ ಬರೀ ಎಸೆಯೋದು ಮಾಡಿಸಿದ್ರು. ಎಂಟನೇ ದಿನ ಚೆಂಡು ದಾಟಿತು. ನಾಲ್ಕು ವರ್ಷದ ಬಿ.ಇ.ಯಲ್ಲಿ ನನ್ನ ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದವರು ಅವರೊಬ್ಬರೇ. ನಾವು ಫೈನಲ್ ಇಯರ್‌ಗೆ ಬರೋ ಹೊತ್ತಿಗೆ ವಾಲಿಬಾಲ್ ಅಂಗಳದ ಮೇಲೆ ಪ್ಲೇಸ್‌ಮೆಂಟ್ ಬ್ಲಾಕ್ ಎದ್ದಿತ್ತು. ನನ್ನ ಕ್ಯಾಂಪಸ್ ಇಂಟರ್‌ವ್ಯೂ ಆಗಿದ್ದು ಅದರಲ್ಲೇ.

ಮೊನ್ನೆ ಶನಿವಾರ ಆ ಹುಡುಗನಿಗೆ ಫೋನ್ ಮಾಡಿದೆ. ಎರಡು ಸಲ ತೆಗೆಯಲಿಲ್ಲ, ಮೂರನೇ ಸಲ ತೆಗೆದ. ಏನು ಹೇಳಬೇಕು ಅಂತ ಯೋಚನೆ ಮಾಡಿಕೊಂಡಿದ್ದೆಲ್ಲ ಮರೆತುಹೋಯ್ತು. "ನಾನು ನಿಂಗೆ ಲಾಗ್ ಓದೋದು ಹೇಳ್ಕೊಡ್ಲಿಲ್ಲ ಕಣೋ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಪರ್ವಾಗಿಲ್ಲ ಸಾರ್" ಅಂದ. ಬೇರೆ ಕಡೆ ಇಂಟರ್‌ವ್ಯೂ ಇದೆಯಂತೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಇಬ್ಬರೂ ಕೂರೋದು ಅಂತ ಮಾತಾಗಿದೆ, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಡಮ್ಮಿ ಸರ್ವರ್ ಹಾಕಿ ಇಟ್ಟಿದ್ದೀನಿ. ಬರ್ತಾನೋ ಇಲ್ಲವೋ ಗೊತ್ತಿಲ್ಲ.

ಆಫೀಸಿನಲ್ಲಿ ಮುಂದಿನ ತಿಂಗಳು ಇನ್ನೊಂದು ಟ್ರೈನಿಂಗ್ ಅಂತೆ. ಮೇಲ್ ಬಂದಿದೆ. ವಿಷಯ 'ಕೋಚಿಂಗ್ ಮೈಂಡ್‌ಸೆಟ್'. ಲಿಸ್ಟಿನಲ್ಲಿ ನನ್ನ ಹೆಸರು ಮೊದಲೇ ಇದೆ.